ಕಬ್ಬಿಣದ ಮೂಲೆಯ ಮುನಿಶಾಮಿ

ಮುನಿಶಾಮಿ ಬೆಳಿಗ್ಗೆ ಎದ್ದು ಮುಖ ತೊಳೆದವನೇ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ. ಅಲ್ಲಿ ಮಾಡುವುದಕ್ಕೆ ಕೆಲಸವೇನೂ ಇರಲಿಲ್ಲ, ಆದರೂ ತೆಗೆಯುತ್ತಿದ್ದ. ಒಳಗೆ ಕಸ ಗುಡಿಸಿ, ನಡುವೆ ನಿಂತಿದ್ದ ಕೈಪ್ರೆಸ್ಸಿನ ಧೂಳು ಒರೆಸಿ, ಅದರ ನೆತ್ತಿಯ ಮೇಲಿನ ತಿರುಗುಕೋಲನ್ನು ಒಮ್ಮೆ ತಳ್ಳಿ ಬಿಡುತ್ತಿದ್ದ. ಕೋಲಿನ ಎರಡು ತುದಿಯಲ್ಲಿದ್ದ ಕಬ್ಬಿಣದ ಗುಂಡುಗಳು ಗಾಳಿಯಲ್ಲಿ ಒಂದು ಸುತ್ತು ಬಂದು ನಿಲ್ಲುತ್ತಿದ್ದುವು. ಅಲ್ಲಿಗೆ ಅವನ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ಅವನು ಮಹದೇವಪುರದ ಒಬ್ಬ ಮನೆ ಮಾಲೀಕ.

"ಪುಣ್ಯವಂತ್ರು ಬಿಡಿ ಮುನಿಶಾಮಣ್ಣ, ಕಾಲ್ ಮೇಲ್ ಕಾಲ್ ಹಾಕ್ಕೊಂಡು ಬಾಡಿಗೆ ತಿನ್ನೋ ಯೋಗ" ಎಂದು ಹಾಲಿನ ಅಂಗಡಿಯವನು ದಿನವೂ ಹೇಳುತ್ತಿದ್ದ.

"ಊಂ ಕಣಪ್ಪ, ಪುಣ್ಯ" ಎಂದು ಮುನಿಶಾಮಿ ನಗುತ್ತಿದ್ದ. ಆ ನಗೆಯಲ್ಲಿ ಉಪ್ಪು ಕಡಿಮೆ ಎಂಬುದು ಅವನ ಹೆಂಡತಿ ಹಂಸಳಿಗೆ ಮಾತ್ರ ತಿಳಿದಿತ್ತು.

ಅವನು ಹುಟ್ಟಿದಾಗ ಈ ನೆಲದಲ್ಲಿ ರಾಗಿ ಮತ್ತು ಅವರೆ ಬೆಳೆಯುತ್ತಿದ್ದುವು. ಕೆರೆಯ ಕೆಳಗಿನ ತುಂಡಿನಲ್ಲಿ ಅವನ ತಾಯಿ ಅಕ್ಕಯಮ್ಮ ಸೊಪ್ಪು ಹಾಕಿ, ಮಂಕರಿಯಲ್ಲಿ ಹೊತ್ತು ಹಲಸೂರಿನ ಸಂತೆಗೆ ಹೋಗಿ ಮಾರಿ ಬರುತ್ತಿದ್ದಳು. ಹೊಲದ ಬಹುಪಾಲು ರಸ್ತೆಗೂ ಕಂಪನಿಗಳಿಗೂ ಹೋದ ಮೇಲೆ, ತಂದೆ ಮಗನನ್ನು ಕರೆದು, "ಇನ್ನು ನೇಗಿಲು ನಂಬ್ಕೊಂಡ್ರೆ ಆಗಾಕಿಲ್ಲ, ಕೈಗೊಂದು ಕಸುಬು ಕಲಿ" ಎಂದು ಕೆ.ಆರ್. ಪುರದ ರೈಲುಹಳಿಯ ಪಕ್ಕದ ಒಂದು ವರ್ಕ್‌ಷಾಪಿಗೆ ಬಿಟ್ಟು ಬಂದ. ಟೆಲಿಫೋನು ಕಾರ್ಖಾನೆಗೆ ಬೇಕಾದ ಚಿಕ್ಕ ಪುಟ್ಟ ತಗಡಿನ ಸಾಮಾನುಗಳನ್ನು ಅಲ್ಲಿ ಪ್ರೆಸ್ಸಿನಲ್ಲಿ ಒತ್ತುತ್ತಿದ್ದರು. ಮುನಿಶಾಮಿ ಅಲ್ಲಿ ಪ್ರೆಸ್ಸು ತಿರುಗಿಸುವುದನ್ನು ಕಲಿತ, ಅರ ಹಿಡಿಯುವುದನ್ನು ಕಲಿತ, ಉಕ್ಕಿನ ಗಟ್ಟಿಯೊಂದನ್ನು ದಿನಗಟ್ಟಲೆ ಉಜ್ಜಿ ಅಚ್ಚು ಮಾಡುವುದನ್ನೂ ಕಲಿತ. ಆ ಅಚ್ಚಿಗೆ ಕಸುಬಿನವರು 'ಡೈ' ಎನ್ನುತ್ತಾರೆ. ತಗಡನ್ನು ಅದರ ಮೇಲಿಟ್ಟು ಒತ್ತಿದರೆ ಅದೇ ಆಕಾರ ಮೂಡುತ್ತದೆ. ಡೈ ಚೆನ್ನಾಗಿದ್ದರೆ ಸಾಮಾನು ಚೆನ್ನ. ಡೈ ಇಲ್ಲದಿದ್ದರೆ ಪ್ರೆಸ್ಸು ಬರೀ ಕಬ್ಬಿಣದ ಗುಡ್ಡೆ.

ಕೆಲವು ವರ್ಷಗಳಲ್ಲಿ ಅವನು ಮನೆಯ ಹಿಂದೆ ತನ್ನದೇ ಶೆಡ್ಡು ಹಾಕಿ, ಟಿಚ್ ಬಟನ್ ಮಾಡಲು ತೊಡಗಿದ. ಕೂಸಿನ ಅಂಗಿಗೂ ಹೆಂಗಸರ ಕುಪ್ಪಸಕ್ಕೂ ಹೊಲಿಯುವ, ಅದುಮಿದರೆ ಟಿಚ್ಚೆಂದು ಕೂಡಿಕೊಳ್ಳುವ ಆ ಪುಟ್ಟ ಹಿತ್ತಾಳೆಯ ಗುಂಡಿಯನ್ನು ಕಾಣದ ಮನೆ ಯಾವುದು? ಅದಕ್ಕೆ ಎರಡು ಹೋಳು. ಉಬ್ಬಿರುವುದು ಗಂಡು, ತಗ್ಗಿರುವುದು ಹೆಣ್ಣು. ಎರಡಕ್ಕೂ ಬೇರೆ ಬೇರೆ ಡೈಗಳನ್ನು ಮುನಿಶಾಮಿ ತಾನೇ ಅರ ಹಾಕಿ ಮಾಡಿಕೊಂಡಿದ್ದ. ಶಿವಾಜಿನಗರದ ಅಕ್ತರ್ ಸಾಬರು ಮಾಲನ್ನೆಲ್ಲ ಕೊಳ್ಳುತ್ತಿದ್ದರು. ಹೆಣ್ಣು ಹೋಳಿನೊಳಗೆ ಕೂದಲಿನಂಥ ಒಂದು ತಂತಿಯ ಸ್ಪ್ರಿಂಗ್ ಕೂರಿಸಬೇಕು. ಆಮೇಲೆ ಗುಂಡಿಗಳನ್ನು ಜೋಡಿ ಮಾಡಿ ರಟ್ಟಿನ ಕಾರ್ಡಿಗೆ ಚುಚ್ಚಬೇಕು. ಆ ಕೆಲಸ ಹಂಸಳದು ಮತ್ತು ಅವಳ ಗೆಳತಿಯರದು. ಮಧ್ಯಾಹ್ನದ ಅಡುಗೆ ಮುಗಿಸಿ ಊರಿನ ಹೆಂಗಸರು ಜಗಲಿಯ ಮೇಲೆ ಕೂತರೆ, ಕೈ ಗುಂಡಿ ಚುಚ್ಚುತ್ತಿತ್ತು, ಬಾಯಿ ಊರನ್ನು ಚುಚ್ಚುತ್ತಿತ್ತು.

ಆಮೇಲೆ ಚೀನಾದ ಮಾಲು ಬಂತು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಕೇಳಿದಷ್ಟು ಸಿಗುತ್ತಿತ್ತು, ಬೆಲೆಯಲ್ಲಿ ಮುನಿಶಾಮಿ ಅದರ ಹತ್ತಿರಕ್ಕೂ ಬರಲಾರ. ಅಕ್ತರ್ ಸಾಬರು ತಾವೇ ಮನೆಗೆ ಬಂದು, ಕಾಫಿ ಕುಡಿದು, ಬಹಳ ಹೊತ್ತು ಹವಾಮಾನದ ಮಾತಾಡಿ, ಕೊನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಮುನಿಶಾಮಿ, ನನ್ನನ್ನ ಮಾಫ್ ಮಾಡ್ಬೇಕು" ಎಂದರು. ಅಷ್ಟರಲ್ಲಿ ಎಲ್ಲವೂ ಅರ್ಥವಾಯಿತು.

ಇನ್ನು ಕಬ್ಬಿಣದ ಮೂಲೆಯ ವಿಚಾರ ಹೇಳಬೇಕು. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಉತ್ತು ಸವೆದ ನೇಗಿಲ ಗುಳವನ್ನಾಗಲಿ, ಕೊಯ್ದು ಸವೆದ ಕುಡುಗೋಲನ್ನಾಗಲಿ ಅವರು ಗುಜರಿಯವನ ತಕ್ಕಡಿಗೆ ಹಾಕುತ್ತಿರಲಿಲ್ಲ. ಅನ್ನ ಕೊಟ್ಟ ಕಬ್ಬಿಣವನ್ನು ತೂಕಕ್ಕೆ ಮಾರಬಾರದು ಎಂದು ಹಿರಿಯರ ಮಾತು. ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೊಲದ ಮೂಲೆಯ ಬೇವಿನ ಮರದ ಬುಡದಲ್ಲಿ ಹೂತು, ಮೂರನೆಯ ದಿನ ಹಾಲು ಬಿಡುತ್ತಿದ್ದರು, ಮನುಷ್ಯರಿಗೆ ಮಾಡುವ ಹಾಗೆಯೇ. ಹೊಲ ಹೋದರೂ ಆ ಮೂಲೆ ಶೆಡ್ಡಿನ ಹಿಂದೆ ಉಳಿದುಕೊಂಡಿತ್ತು. ಒಮ್ಮೆ ಹೂತದ್ದನ್ನು ಮತ್ತೆ ಎತ್ತುವಂತಿಲ್ಲ. ದಾಯಾದಿಯೊಬ್ಬ ಎಂದೋ ಹಾರೆ ಸಿಗಲಿಲ್ಲವೆಂದು ಹಳೆಯ ಗುಳವೊಂದನ್ನು ಅಗೆದು ತೆಗೆದನಂತೆ. ಅಂದಿನಿಂದ ಅಕ್ಕಯಮ್ಮ ಅವನ ಮನೆಯಲ್ಲಿ ನೀರು ಮುಟ್ಟಲಿಲ್ಲ. ಅವನು ಸತ್ತಾಗಲೂ ಬೀದಿಯಲ್ಲೇ ನಿಂತು ಅತ್ತು ಬಂದಳು.

ಗುಂಡಿಯ ವ್ಯಾಪಾರ ನಿಂತ ವರ್ಷ ಅಕ್ಕಯಮ್ಮ ಮಗನನ್ನು ಕೇಳಿದ್ದಳು: "ಆ ಅಚ್ಚುಗಳು ಇನ್ನು ಎದ್ದೇಳಾಕಿಲ್ವೇನ್ಲಾ?"

"ಇಲ್ಲಮ್ಮ. ಸತ್ತೋಯ್ತು."

ಅನ್ನ ಕೊಟ್ಟದ್ದು ಸತ್ತಿತೆಂದ ಮೇಲೆ ಅದರ ಜಾಗ ಯಾವುದೆಂದು ಆ ಮನೆಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಗಂಡು ಹೆಣ್ಣು ಎರಡು ಡೈಗಳೂ ಬೇವಿನ ಬುಡ ಸೇರಿದವು. ಅಕ್ಕಯಮ್ಮ ಹಾಲು ಬಿಟ್ಟಳು. ಬೇರೆ ಕಸುಬಿನವರಾಗಿದ್ದರೆ ಡೈಗಳನ್ನು ಅಟ್ಟದ ಮೇಲೆ ಎಸೆದು ಮರೆಯುತ್ತಿದ್ದರು. ಇವರು ರೈತರು, ಶ್ರದ್ಧೆಯಿಂದ ಹೂತರು.

ಪ್ರೆಸ್ಸು ಬಹಳ ಭಾರ. ಅದನ್ನು ಹೂಳುವ ಮಾತಿರಲಿಲ್ಲ. ಅದೊಂದು ಶೆಡ್ಡಿನಲ್ಲಿ ನಿಂತಿತು. ಸುತ್ತಲೂ ಗಾಜಿನ ಕಟ್ಟಡಗಳೆದ್ದವು. ಹಂಸಳ ಗೆಳತಿಯರಲ್ಲಿ ಒಬ್ಬಳು ಟೆಕ್ ಪಾರ್ಕಿನ ಕ್ಯಾಂಟೀನು ಸೇರಿದಳು, ಇನ್ನೊಬ್ಬಳು ಹೌಸ್‌ಕೀಪಿಂಗ್ ಸೇರಿ ನೀಲಿ ಕೋಟು ಹಾಕಿದಳು, ಮತ್ತೊಬ್ಬಳು ಅಪಾರ್ಟ್‌ಮೆಂಟಿನಲ್ಲಿ ಕೂಸು ನೋಡಿಕೊಳ್ಳಲು ಹೋದಳು. ಮಗ ಸುನಿಲ್ ಓದು ಮುಗಿಸಿ, ಮನೆಯ ಮುಂದಿನ ಜಾಗದಲ್ಲಿ ಕಂಪನಿ ಹುಡುಗರು ಬಾಡಿಗೆಗೆ ಇರುವ ಎರಡು ಪಿ.ಜಿ. ಕಟ್ಟಡ ಎಬ್ಬಿಸಿದ. ಊಟಕ್ಕೆ, ಬಟ್ಟೆಗೆ, ಮದುವೆ ಮುಂಜಿಗೆ ಕೊರತೆಯಾಗಲಿಲ್ಲ. ಮುನಿಶಾಮಿಯ ಕೈಗೆ ಮಾತ್ರ ಏನು ಮಾಡಬೇಕೆಂದು ತಿಳಿಯಲಿಲ್ಲ. ಊಟಕ್ಕೆ ಕೂತಾಗಲೂ ಆ ಬಲಗೈ ತಟ್ಟೆಯ ಅಂಚನ್ನು ಹಿಡಿದು ಮೆಲ್ಲನೆ ತಿರುಗಿಸುತ್ತಿತ್ತು.

ಈ ವರ್ಷ ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಸುನಿಲ್ ಬಂದು ತಂದೆಯ ಎದುರು ಕೂತ.

"ಅಪ್ಪ, ಶೆಡ್ಡನ್ನ ಒಂದು ಲಾಂಡ್ರಿಯೋರು ಕೇಳ್ತಿದಾರೆ. ನಮ್ ಪಿ.ಜಿ. ಹುಡುಗ್ರದ್ದು, ಸುತ್ತಮುತ್ತ ಅಪಾರ್ಟ್‌ಮೆಂಟ್‌ಗಳದ್ದು, ಎಲ್ಲಾ ಬಟ್ಟೆ ಇಲ್ಲೇ ಒಗೀತಾರಂತೆ. ದೊಡ್ಡ ದೊಡ್ಡ ಮಿಷನ್ ತರ್ತಾರೆ. ಆಯುಧ ಪೂಜೆ ಆದ್ಮೇಲೆ ಬರ್ತೀವಿ ಅಂದ್ರು."

"ಪ್ರೆಸ್ಸು?"

"ಅದನ್ನ ಯಾರಿಗಾದ್ರೂ ಕೊಟ್ಬಿಡೋಣ."

"ನಮ್ಮ ಬಟ್ಟೆ ನಾವು ಒಗ್ಕೊಳೋದೂ ನಿಂತೋಯ್ತೇನೋ?"

"ನಿಮ್ಮ ಪ್ರೆಸ್ಸು ಒಂದಿನಾನಾದ್ರೂ ತಿರುಗುತ್ತೆ ಅಂದ್ರೆ ನಾನ್ಯಾಕೆ ಬೇಡ ಅಂತೀನಿ? ನೀವು ದಿನಾ ಅದರ ತಲೆ ಸವರಿ ಬರ್ತೀರ, ದೇವಸ್ಥಾನದ ಬಸವನ ತಲೆ ಸವರ್ದಂಗೆ. ನನಗೇ ನೋಡಕ್ಕಾಗಲ್ಲ."

ಸುನಿಲ್ ಕೆಟ್ಟ ಮಾತಾಡಲಿಲ್ಲ. ಅವನು ಹೇಳಿದ್ದು ನಿಜವೆಂದು ಮುನಿಶಾಮಿಗೂ ಗೊತ್ತಿತ್ತು. "ನೋಡೋಣ" ಎಂದ.

ಅದೇ ವಾರ ಅಕ್ತರ್ ಸಾಬರ ಮಗ ಮುನಾವರ್ ಮೆಟ್ರೊ ಇಳಿದು, ದಾರಿ ಕೇಳಿಕೊಂಡು ಬಂದ.

"ಸಲಾಂ ಅಣ್ಣ. ಗುರ್ತು ಸಿಕ್ತಾ?"

"ನಿಮ್ಮಪ್ಪನ ಮೂಗು ಹೊತ್ಕೊಂಡು ಬಂದಿದ್ದೀಯ, ಗುರ್ತು ಸಿಗದೆ ಏನು? ಕೂತ್ಕೊ."

ಮುನಾವರ್ ತಂದೆಯ ಹಾಗಲ್ಲ, ಹವಾಮಾನದ ಮಾತಾಡಲಿಲ್ಲ. "ಅಣ್ಣ, ಚೀನಾ ಬಟನ್ ನಿಂತೋಯ್ತು. ನೀವು ಮತ್ತೆ ಮಾಡ್ತೀರಾ?" ಎಂದ.

ಮುನಿಶಾಮಿಗೆ ಮೊದಲು ಅರ್ಥವಾಗಲಿಲ್ಲ. "ನಿಲ್ಲೋದು ಅಂದ್ರೆ? ಅದು ಸಮುದ್ರ ಕಣಪ್ಪ."

"ನಾವು ತರಿಸ್ತಿದ್ದ ಫ್ಯಾಕ್ಟ್ರಿನೇ ಮುಚ್ಚಿದಾರೆ. ಆ ಯಜಮಾನ ವೀಡಿಯೊ ಕಾಲ್ ಮಾಡಿ, ತರ್ಜುಮೆ ಮಾಡೋನನ್ನ ಪಕ್ಕ ಕೂರಿಸ್ಕೊಂಡು ಅರ್ಧ ಗಂಟೆ ಸಂಕಟ ಹೇಳ್ಕೊಂಡ. ಅವರ ಊರಲ್ಲಿ ಹುಡುಗ್ರು ಯಾರೂ ಈಗ ಪ್ರೆಸ್ ಮುಂದೆ ಕೂರಲ್ವಂತೆ. ಪಾರ್ಸೆಲ್ ಹಂಚ್ತಾರೆ, ಹೋಟ್ಲಿಗೆ ಸೇರ್ತಾರೆ, ಪಾರ್ಲರ್ ಇಡ್ತಾರೆ. ದುಡೀತಾರೆ, ಖರ್ಚು ಮಾಡ್ತಾರೆ, ಊರೂರು ತಿರುಗ್ತಾರೆ. ಅಲ್ಲಿನ ಸರ್ಕಾರಾನೂ 'ಚೆನ್ನಾಗಿ ಖರ್ಚು ಮಾಡ್ರಪ್ಪ' ಅಂತಿದ್ಯಂತೆ. ಫ್ಯಾಕ್ಟ್ರಿ ಜಾಗದಲ್ಲಿ ಮಾಲ್ ಬರ್ತಿದೆ."

ಮುನಿಶಾಮಿ ಹೊಟ್ಟೆ ಅಲುಗಾಡುವ ಹಾಗೆ ನಕ್ಕ. "ಅಂದ್ರೆ ಅದೂ ಮಹದೇವಪುರ ಆಗೋಯ್ತು ಅನ್ನು!"

ಇಷ್ಟು ವರ್ಷ ಅವನು ಕಣ್ಣಲ್ಲಿ ಕಾಣದ ಆ ಚೀನಾದವನ ಮೇಲೆ ಒಂದು ಸಿಟ್ಟನ್ನು ಒಳಗೇ ಸಾಕಿಕೊಂಡಿದ್ದ. ನನ್ನ ಪ್ರೆಸ್ಸು ನಿಲ್ಲಿಸಿದವನು ಹೇಗಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದ. ಈಗ ನೋಡಿದರೆ ಆ ಮನುಷ್ಯನೂ ಬೆಳಿಗ್ಗೆ ಎದ್ದು ಬಾಗಿಲು ತೆಗೆದು, ಕೆಲಸವಿಲ್ಲದ ಯಂತ್ರದ ಧೂಳು ಒರೆಸುತ್ತಿರಬಹುದು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಭುಜದ ಮೇಲಿಂದ ಮೂಟೆ ಇಳಿಸಿದ ಹಾಗಾಯಿತು.

ಮುನಾವರ್ ಮುಂದುವರಿಸಿದ. ಇಂದಿರಾನಗರದಲ್ಲಿ ಎಳೆಗೂಸುಗಳ ಬಟ್ಟೆ ಹೊಲಿಸಿ ಮಾರುವ ನಾಲ್ಕಾರು ಜನ ಈಚೆಗೆ ಹುಟ್ಟಿಕೊಂಡಿದ್ದರು. ಬಣ್ಣ ಲೇಪ ಏನೂ ಇಲ್ಲದ ಶುದ್ಧ ಹಿತ್ತಾಳೆಯ ಗುಂಡಿಯೇ ಬೇಕೆಂದು ಅವರ ಹಟ. ಕಮರ್ಷಿಯಲ್ ಸ್ಟ್ರೀಟಿನ ಟೈಲರುಗಳೂ ದಿನವೂ ಕೇಳುತ್ತಿದ್ದರು. "ಆಯುಧ ಪೂಜೆ ಒಳಗೆ ನನ್ ಕೈಗೆ ಮಾದರಿ ಕೊಡಿ ಅಣ್ಣ. ಅದು ದಾಟಿದ್ರೆ ಮದುವೆ ಸೀಸನ್; ಹೊರಗಿನ ಒಬ್ಬರಿಗೆ ನಾನು ಮಾತು ಕೊಡ್ಲೇಬೇಕು. ನಿಮ್ಮನ್ನ ಬಿಟ್ಟು ಹೋದ ಪಾಪ ಅಪ್ಪನ ತಲೆ ಮೇಲಿದೆ, ನನ್ ತಲೆ ಮೇಲೂ ಬೇಡ."

ಮುನಾವರ್ ಹೋದ ಮೇಲೆ ಸುನಿಲ್ ಕೈ ಜೋಡಿಸಿ ಹೇಳಿದ: "ಸರಿ ಅಪ್ಪ. ಮಾದರಿ ಒಪ್ಪಿಗೆ ಆದ್ರೆ ಪ್ರೆಸ್ಸನ್ನ ಯಾರೂ ಮುಟ್ಟಲ್ಲ. ಆಗಲಿಲ್ಲ ಅಂದ್ರೆ ಲಾಂಡ್ರಿಯೋರಿಗೆ ಊಂ ಅಂತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

"ಮಾದರಿಗೆ ಡೈ ಎಲ್ಲಿ?" ಎಂದಳು ಹಂಸ.

ಮೂವರೂ ಶೆಡ್ಡಿನ ಹಿಂದಿನ ಬೇವಿನ ಮರದ ಕಡೆ ನೋಡಿದರು. ಆಮೇಲೆ ಮನೆಯೊಳಗೆ ಕೆಮ್ಮುತ್ತಿದ್ದ ಅಕ್ಕಯಮ್ಮನ ಕಡೆ ಕಿವಿ ಕೊಟ್ಟರು.

ಹೊಸ ಡೈ ಮಾಡಿಸಬಹುದೇ ಎಂದು ಮುನಿಶಾಮಿ ಪೀಣ್ಯದವರೆಗೂ ಹೋಗಿ ಬಂದ. ಅಲ್ಲಿನ ಡೈ ಮಾಡುವವರ ಕೈಯಲ್ಲಿ ಮೊದಲೇ ಒಪ್ಪಿಕೊಂಡ ಕೆಲಸ ಬೇಕಾದಷ್ಟಿತ್ತು. ದೀಪಾವಳಿ ಕಳೆದು ಬನ್ನಿ ಎಂದರು. ತಾನೇ ಮಾಡೋಣವೆಂದರೆ ಕಣ್ಣು ಮೊದಲಿನ ಹಾಗಿಲ್ಲ. ಇನ್ನು ಉಳಿದದ್ದು ಒಂದೇ ದಾರಿ, ಅದಕ್ಕೆ ತಾಯಿಯ ಅಪ್ಪಣೆ ಬೇಕು. ಎರಡು ದಿನ ಅವನು ಅಡುಗೆಮನೆಗೂ ಹಿತ್ತಿಲಿಗೂ ಅಲೆದಾಡಿದ.

"ನೀವೇ ಕೇಳ್ರೀ" ಎಂದಳು ಹಂಸ. "ನಾನು ಸೊಸೆ. ಅಗೀಲಾ ಅಂತ ಕೇಳಿದ್ರೆ ನನ್ನನ್ನೇ ಹೂತ್ಬಿಡ್ತಾರೆ."

ಮೂರನೆಯ ದಿನ ಅಕ್ಕಯಮ್ಮ ಬಿಸಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎಂಬತ್ತು ದಾಟಿದ್ದರೂ ಬೆರಳು ಚುರುಕಾಗಿತ್ತು, ನಾಲಿಗೆ ಅದಕ್ಕಿಂತ ಚುರುಕು.

"ಏನ್ಲಾ, ಬಾಲ ಸುಟ್ಟ ಬೆಕ್ಕಿನಂಗೆ ತಿರುಗ್ತಾ ಇದ್ದೀಯಲ್ಲ, ಹೇಳೋದೇನೈತೆ ಹೇಳು."

ಅವನು ಹೇಳಿದ. ಮುನಾವರ್ ಬಂದದ್ದು, ಚೀನಾ ಮಾಲು ನಿಂತದ್ದು, ಲಾಂಡ್ರಿಯವರು ಕೇಳಿದ್ದು, ಎಲ್ಲವನ್ನೂ ಹೇಳಿದ. "ಅದನ್ನ ಎತ್ತಬೇಕಮ್ಮ" ಎಂಬ ಮಾತನ್ನು ಮಾತ್ರ ನೆಲ ನೋಡಿಕೊಂಡು ಹೇಳಿದ.

ಅಕ್ಕಯಮ್ಮನ ಬೆರಳು ನಿಂತಿತು. "ಸತ್ತೋಯ್ತು ಅಂದೋನು ಯಾರು?"

"ನಾನೇ."

"ನಾಡಿ ಹಿಡಿದು ನೋಡಿದ್ಯಾ?"

ಮುನಿಶಾಮಿ ಕೆಳಗೆ ಬಿದ್ದಿದ್ದ ಒಂದು ದಂಟನ್ನು ಎತ್ತಿ ಸೊಪ್ಪಿನ ಗುಡ್ಡೆಗೆ ಹಾಕಿದ.

"ಬದುಕಿರೋದನ್ನ ಗುಂಡಿಗೆ ಹಾಕಿ ನನ್ ಕೈಲಿ ಹಾಲು ಬಿಡಿಸ್ದೆಯಲ್ಲೋ ಮುಂಡೇದೆ! ನಾನು ವರ್ಷಾ ವರ್ಷಾ ಅದರ ಮುಂದೆ ಎಡೆ ಇಡ್ತಾ ಇದ್ದೀನಿ, ಅದು ಒಳಗೆ ಮಲಗಿಕೊಂಡು 'ಯಾಕಮ್ಮೋ, ನಾನಿನ್ನೂ ಇದ್ದೀನಿ' ಅಂತಿತ್ತೇನೋ!"

ಅವಳು ಸೊಪ್ಪನ್ನು ಪಕ್ಕಕ್ಕೆ ತಳ್ಳಿದಳು. ಬೈಗುಳ ಇನ್ನೂ ಬರುವುದಿದೆ ಎಂದು ಮುನಿಶಾಮಿ ತಲೆ ತಗ್ಗಿಸಿದ. ಆದರೆ ಅವಳ ದನಿ ಬೇರೆಯಾಯಿತು.

"ನಮ್ ಸೋದರಮಾವ ಕೋಲಾರದ ಗಣಿ ಕೆಲಸಕ್ಕೆ ಹೋಗಿ ಎಷ್ಟೋ ವರ್ಷ ಸುದ್ದೀನೇ ಇರಲಿಲ್ಲ. ಗಣಿ ಕುಸಿದು ಸತ್ತ ಅಂದ್ರು. ತಿಥೀನೂ ಆಯ್ತು. ಒಂದಿನ ಸಂಜೆ ನೋಡಿದ್ರೆ ಮೀಸೆ ಬಿಟ್ಕೊಂಡು ಬಾಗ್ಲಲ್ಲಿ ನಿಂತವ್ನೆ! ತಿಥಿ ಆದೋನ್ನ ಒಳಗೆ ಕರೆಯೋಂಗಿಲ್ಲ, ಕರುಳಿನ ಕುಡೀನ ಹೋಗು ಅನ್ನೋಂಗಿಲ್ಲ. ನಮ್ಮಜ್ಜಿ ಏನ್ ಮಾಡಿದ್ಲು ಗೊತ್ತಾ? ಅವನ ತಲೆಗೆ ನೀರು ಹುಯ್ಸಿ, ಮೊರದಲ್ಲಿ ಅಕ್ಕಿ ಹರವಿ ಅದರ ಮೇಲೆ ಕೂರ್ಸಿ, ಈಗ ಹುಟ್ಟಿದ ಕೂಸಿಗೆ ಇಟ್ಟಂಗೆ ಹೊಸ ಹೆಸರು ಇಟ್ಟು ಕೂಗಿದ್ಲು. ಮೊರ ಮುರಿದೋಯ್ತು. ಮಾವ ಉಳಿದ."

ಹಂಸ ಒಳಗಿನಿಂದ ನಗುವನ್ನು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

"ನಗ್ತೀಯ? ಹೊಸ ಮೊರ ತಗೊಂಬಾ ಹೋಗು" ಎಂದಳು ಅಕ್ಕಯಮ್ಮ. "ಮುನಿಶಾಮಿ, ನೀನು ಎತ್ತು. ಆದ್ರೆ ಹಿರೀಕರ ಕಬ್ಬಿಣ ಒಂದನ್ನೂ ಅಲುಗಿಸ್ಬಾರ್ದು. ಅವು ನಿಜವಾಗ್ಲೂ ಸತ್ತಿರೋವು."

ಎರಡು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಷ್ಟು ಸುಲಭವಾಗಿ ಉರುಳಿಹೋದೀತೆಂದು ಮುನಿಶಾಮಿ ಎಣಿಸಿರಲಿಲ್ಲ. ಅವನು ಅಲ್ಲೇ ಕೂತು ತಾಯಿಯ ಜೊತೆ ಉಳಿದ ಸೊಪ್ಪನ್ನು ಬಿಡಿಸಿಕೊಟ್ಟ.

ಮರುದಿನ ಬೆಳಿಗ್ಗೆ ಅಗೆಯಲು ಹೊರಟರೆ ಬೇವಿನ ಬುಡದಲ್ಲಿ ಡೈ ಹೂತ ಸರಿಯಾದ ಜಾಗ ಗೊತ್ತಾಗಲಿಲ್ಲ. ಹಿಂದೊಂದು ಮಳೆಗಾಲದಲ್ಲಿ ಪಕ್ಕದ ರಸ್ತೆಯಿಂದ ನೀರು ನುಗ್ಗಿ, ಶೆಡ್ಡಿನ ಹಿಂದೆ ಮೊಣಕಾಲುದ್ದ ನಿಂತಿತ್ತು. ಆಮೇಲೆ ಸುನಿಲ್ ಆ ತಗ್ಗಿಗೆ ಕಟ್ಟಡದ ಮಣ್ಣು ತುಂಬಿಸಿದ್ದ. ಆಗ ಯಾರಿಗೂ ಅದು ದೊಡ್ಡ ವಿಷಯವೆನಿಸಿರಲಿಲ್ಲ. ಈಗ ಮುನಿಶಾಮಿಗೆ ಒಂದೇ ಯೋಚನೆ: ಅಷ್ಟು ನೀರು ಕುಡಿದ ಮಣ್ಣಿನಲ್ಲಿ ಉಕ್ಕು ಏನಾಗಿರಬಹುದು?

ತಂದೆ ಮಗ ಇಬ್ಬರೂ ಇಟ್ಟಿಗೆಯ ಚೂರುಗಳನ್ನು ಎತ್ತಿ ಹಾಕಿದರು. ಕೆಳಗೆ ಹಳೆಯ ಕೆಂಪು ಮಣ್ಣು ಕಂಡಿತು. ಮುನಿಶಾಮಿ ಗುದ್ದಲಿ ಇಟ್ಟು ಕೈಯಿಂದಲೇ ಕೆದಕಿದ. ಮೊದಲು ಬೆರಳಿಗೆ ತಾಗಿದ್ದು ಒಂದು ಗುಳ. ಮುಟ್ಟಿದರೆ ಪುಡಿಪುಡಿಯಾಗಿ ಉದುರುವಷ್ಟು ತುಕ್ಕು ಹಿಡಿದು, ಮಣ್ಣಿನ ಬಣ್ಣವೇ ಆಗಿತ್ತು. ಅಜ್ಜನದೋ, ಅಜ್ಜನ ಅಪ್ಪನದೋ. ಅವನು ಅದರ ಮೇಲೆ ಮಣ್ಣು ಎಳೆದು, ಕೈ ಮುಗಿದು, ಪಕ್ಕಕ್ಕೆ ಸರಿದ. ಇದರ ಗತಿಯೇ ಅದಕ್ಕೂ ಆಗಿದ್ದರೆ?

"ಅಪ್ಪ, ಇಲ್ನೋಡಿ" ಎಂದ ಸುನಿಲ್. ಬೇವಿನ ಬೇರೊಂದು ಕರಿಯ ಗಂಟೊಂದನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಸುತ್ತಿಕೊಂಡಿತ್ತು.

ಬೇರನ್ನು ಕಡಿಯುವುದಕ್ಕೆ ಮುನಿಶಾಮಿ ಒಪ್ಪಲಿಲ್ಲ. ಅವನಿಗೆ ಅಷ್ಟು ಆಳಕ್ಕೆ ಬಗ್ಗಲೂ ಆಗದು. ಕೊನೆಗೆ ಸುನಿಲ್ ತನ್ನ ಒಳ್ಳೆಯ ಷರ್ಟಿನ ಪರಿವೆಯಿಲ್ಲದೆ ಹೊಟ್ಟೆಯ ಮೇಲೆ ಮಲಗಿ, ಎರಡು ಕೈಯನ್ನೂ ಗುಂಡಿಯೊಳಗೆ ಬಿಟ್ಟು, ಬೇರನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಹೋದ.

"ಮೆಲ್ಲಗೆ ಮಗಾ, ಎಳೀಬೇಡ."

"ಎಳೀತಿಲ್ಲ ಅಪ್ಪ. ಅದೇ ಬರ್ತಿದೆ... ಬಂತು! ಬಂತು, ಹಿಡ್ಕೊಳಿ!"

ಗಂಟು ಮೇಲೆ ಬಂತು. ಲಾರಿಯ ಟ್ಯೂಬಿನ ರಬ್ಬರನ್ನು ಬಿಗಿಯಾಗಿ ಸುತ್ತಿ ತಂತಿ ಕಟ್ಟಿದ್ದ ಗಂಟು. ಮುನಿಶಾಮಿ ಚಾಕುವಿನಿಂದ ಬಿಡಿಸಿದ. ರಬ್ಬರಿನೊಳಗೆ ಎಣ್ಣೆ ಕಾಗದ, ಎಣ್ಣೆ ಕಾಗದದೊಳಗೆ ಬೆಣ್ಣೆಯ ಮುದ್ದೆಯ ಹಾಗೆ ಗ್ರೀಸು. ಗ್ರೀಸಿನೊಳಗೆ ಬೆರಳು ಹಾಕಿ ಒರೆಸಿದರೆ ಉಕ್ಕು ಮಿಂಚಿತು.

ಅಕ್ಕಯಮ್ಮ ಕೋಲೂರಿ ಬಂದು ಬಗ್ಗಿ ನೋಡಿದಳು. "ಸತ್ತೋನಿಗೆ ಇಷ್ಟೊಂದು ಗ್ರೀಸು ಯಾರ್ಲಾ ಬಳೀತಾರೆ?"

ಮುನಿಶಾಮಿಗೆ ಆ ದಿನ ನೆನಪಾಯಿತು. ಬಾಯಿ ಸತ್ತಿತು ಎಂದಿದ್ದರೂ ಕೈ ನಂಬಿರಲಿಲ್ಲ. ಶೆಡ್ಡಿನಲ್ಲಿ ಒಬ್ಬನೇ ಕೂತು, ಡಬ್ಬದ ಗ್ರೀಸನ್ನೆಲ್ಲ ಮುಗಿಸಿದ್ದ. ಕಣ್ಣು ತುಂಬಿ ಬಂತು. ಅವನು ಗ್ರೀಸಾದ ಕೈಯಿಂದಲೇ ಒರೆಸಿಕೊಂಡ; ಮುಖವೆಲ್ಲ ಕಪ್ಪಾಯಿತು. ಹಂಸ ನಕ್ಕಳು, ಸುನಿಲ್ ನಕ್ಕ, ಅವನೂ ನಕ್ಕ.

ಪೂರ್ತಿ ಗೆದ್ದಂತಲ್ಲ. ರಬ್ಬರು ಒಂದು ಕಡೆ ಸೀಳಿ, ಹೆಣ್ಣು ಡೈಯ ಅಂಚನ್ನು ತುಕ್ಕು ಕಡಿದಿತ್ತು. ಅಕ್ಕಿ ಕಾಳಿನಷ್ಟು ಗಾಯ. ಆದರೆ ಅದರ ಯೋಚನೆ ಮಾಡಲು ಅಕ್ಕಯಮ್ಮ ಬಿಡಲಿಲ್ಲ. ಮೊದಲು ಶಾಸ್ತ್ರ. ಡೈಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಮೊರದಲ್ಲಿ ಅಕ್ಕಿ ಹರವಿ ಕೂರಿಸಿದರು. ಅವಳು ಹಾಲು ತಾಗಿಸಿದ ಬೆರಳನ್ನು ಅವುಗಳ ನೆತ್ತಿಗೆ ಮುಟ್ಟಿಸಿ, ಬಗ್ಗಿ, ಕಿವಿಯಿರಬೇಕಾದ ಜಾಗದಲ್ಲಿ ಕೂಗಿದಳು: "ತಿಪ್ಪಯ್ಯ! ತಿಪ್ಪಮ್ಮ!"

"ಅಜ್ಜಿ, ಇನ್ನೂ ಚೆನ್ನಾಗಿರೋ ಹೆಸರು ಇಡಬಹುದಿತ್ತು" ಎಂದ ಸುನಿಲ್.

"ಚೆನ್ನಾಗಿರೋ ಹೆಸರು ಇಟ್ರೆ ಯಮನ ಕಣ್ಣು ಬೀಳ್ತದೆ, ಸುಮ್ಕಿರು."

ಆಮೇಲೆ ಮುನಿಶಾಮಿ ಉಕ್ಕು ಉಜ್ಜುವ ಎಣ್ಣೆಗಲ್ಲು ಹಿಡಿದು ಕೂತ. ಒಂದೆರಡು ದಿನ ಬಿಟ್ಟು ಬಿಟ್ಟು ಉಜ್ಜಿದ. ಕಣ್ಣಿಗೆ ಕಾಣದ್ದನ್ನು ಹೆಬ್ಬೆರಳಿನ ಉಗುರಿನಿಂದ ಸವರಿ ನೋಡಿದ. ಮೊದಲ ಸಲ ಒತ್ತಿದಾಗ ತಗಡು ಹರಿಯಿತು. ಎರಡನೆಯದರ ಅಂಚು ಮುಳ್ಳಾಯಿತು. ಮತ್ತೆ ಬಿಚ್ಚಿ, ಮತ್ತೆ ಉಜ್ಜಿ, ಮತ್ತೆ ಕೂರಿಸಿ, ತಿರುಗುಕೋಲನ್ನು ಎಳೆದು ಬಿಟ್ಟ. ಗುಂಡುಗಳು ಗಿರ್ರನೆ ಸುತ್ತಿ ಬಂದವು. ಒಂದು ಪುಟ್ಟ ಹಿತ್ತಾಳೆಯ ಬಟ್ಟಲು ಅವನ ಅಂಗೈಗೆ ಬಿತ್ತು. ಬಿಸಿಯಾಗಿತ್ತು, ಅಂಚು ನಯವಾಗಿತ್ತು.

ಹಂಸ ಚಿಮುಟದಲ್ಲಿ ಸ್ಪ್ರಿಂಗ್ ಎತ್ತಿ, ಕನ್ನಡಕ ಹಾಕಿಕೊಳ್ಳದೆಯೇ ಒಳಗೆ ಕೂರಿಸಿದಳು. ಗಂಡು ಹೋಳನ್ನು ಮೇಲಿಟ್ಟು ಅದುಮಿದಳು.

ಟಿಚ್.

ಅವಳು ಬಿಚ್ಚಿ ಮತ್ತೊಮ್ಮೆ ಅದುಮಿದಳು.

ಮಾದರಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮುನಿಶಾಮಿ ಶಿವಾಜಿನಗರಕ್ಕೆ ತಾನೇ ಹೋದ. ಮುನಾವರ್ ಗುಂಡಿಯನ್ನು ಬೆಳಕಿಗೆ ಹಿಡಿಯಲಿಲ್ಲ. ತಂದೆಯ ಹಾಗೆಯೇ ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು, ಅದುಮಿ ತೆಗೆದು, ಅದುಮಿ ತೆಗೆದು ನೋಡಿದ. ಆಮೇಲೆ ಕರವಸ್ತ್ರದ ಎರಡು ತುದಿಗೆ ಅವಸರದಲ್ಲಿ ಹೊಲಿದು, ಹಿಡಿದು ಜಗ್ಗಿದ. ಹೊರಗೆ ಆಟೋಗಳ ಗದ್ದಲ ಮುನಿಶಾಮಿಗೆ ಕೇಳಿಸುತ್ತಿರಲಿಲ್ಲ.

"ಅಣ್ಣ."

"ಏನು?"

"ಕೈ ಕೊಡಿ."

ಅಷ್ಟೇ. ಪಕ್ಕದ ಅಂಗಡಿಯಿಂದ ಹಾಲಿಲ್ಲದ ಸುಲೇಮಾನಿ ಚಹಾ ಬಂತು. ಮುನಿಶಾಮಿ ಅದನ್ನು ಬಸಿಗೆ ಸುರಿದುಕೊಂಡು ಕೊನೆಯ ಹನಿಯವರೆಗೂ ಕುಡಿದ.

ಬೇಡಿಕೆ ಹಳೆಯ ಕಾಲದಷ್ಟು ದೊಡ್ಡದಲ್ಲ. ಒಬ್ಬ ಮನುಷ್ಯ ನಿಧಾನವಾಗಿ ಒತ್ತಿ ಕೊಡಬಹುದಾದಷ್ಟು. ಹಿಂದೆ ಆಗಿದ್ದರೆ ಇಷ್ಟರಲ್ಲಿ ಮನೆ ನಡೆಯುವುದಿಲ್ಲವೆಂದು ನಿದ್ದೆ ಹಾರುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ, ಮೆಟ್ರೊದ ಕಿಟಕಿಯಿಂದ ಬೈಯಪ್ಪನಹಳ್ಳಿ ದಾಟುವುದನ್ನು ನೋಡುತ್ತ, ಮುನಿಶಾಮಿಗೆ ಹೊಸದೊಂದು ವಿಚಾರ ಹೊಳೆಯಿತು. ಇನ್ನು ಪ್ರೆಸ್ಸು ಯಾರ ಹೊಟ್ಟೆಯನ್ನೂ ಹೊರಬೇಕಾಗಿಲ್ಲ. ಆ ಭಾರವನ್ನು ಪಿ.ಜಿ. ಹುಡುಗರ ಬಾಡಿಗೆ ಹೊರುತ್ತದೆ. ಬಾಡಿಗೆಯ ಮೇಲೆ ಅವನಿಗಿದ್ದ ಮುನಿಸು ಅಂದು ಮೊದಲ ಸಲ ಕರಗಿತು.

"ಸುನಿಲ್, ಲಾಂಡ್ರಿಯೋರಿಗೆ ಊಂ ಅನ್ನು" ಎಂದ, ಮನೆಗೆ ಬಂದವನೇ.

"ಯಾಕೆ? ಒಪ್ಪಲಿಲ್ವಾ?" ಸುನಿಲ್‌ನ ಮುಖ ಬಾಡಿತು.

"ಒಪ್ಪಿದ ಕಣೋ. ನನಗೆ ಕಿಟಕಿ ಕಡೆ ಅರ್ಧ ಸಾಕು. ಇನ್ನರ್ಧದಲ್ಲಿ ಅವರು ಒಗೀಲಿ. ನಡುವೆ ಒಂದು ಗೋಡೆ ಎಬ್ಬಿಸು, ತೇವ ಈ ಕಡೆ ಬರ್ಬಾರ್ದು."

ಭಾನುವಾರ ರಜೆ ಇದ್ದುದರಿಂದ ಹಂಸಳ ಗೆಳತಿಯರು ಜಗಲಿಗೆ ಬಂದರು. ನೀಲಿ ಕೋಟಿನವಳು ಅಂದು ಸೀರೆ ಉಟ್ಟಿದ್ದಳು. "ವಾರವೆಲ್ಲ ಗಾಜು ಒರೆಸಿ ಒರೆಸಿ ಬೆರಳು ಮರಗಟ್ಟಿದೆ ಕಣೇ, ಇತ್ಲಾಗ್ ಕೊಡು ಒಂದು ಕಾರ್ಡು" ಎಂದು ಕೂತಳು. ಸ್ವಲ್ಪ ಹೊತ್ತಿನಲ್ಲಿ ಯಾವ ಮ್ಯಾನೇಜರನ ಸಂಸಾರ ಹೇಗಿದೆ ಎಂಬಲ್ಲಿಗೆ ಮಾತು ಹೋಯಿತು.

ಶೆಡ್ಡಿನಿಂದ ಸದ್ದು ಬರುತ್ತಿತ್ತು, ಗಿರ್ರ್, ಟಪ್ಪ್, ಗಿರ್ರ್, ಟಪ್ಪ್. ಅಕ್ಕಯಮ್ಮ ಬಾಗಿಲಿಗೆ ಬಂದು ಗೋಡೆ ಹಿಡಿದು ನಿಂತಳು.

"ಹೆಂಗವ್ರೋ ಗಂಡ ಹೆಂಡ್ತಿ?"

"ಗಟ್ಟಿಯಾಗವ್ರಮ್ಮ" ಎಂದ ಮುನಿಶಾಮಿ, ಕೋಲು ಬಿಡದೆ.

"ಮಧ್ಯಾಹ್ನಕ್ಕೆ ಬಂದು ಉಂಡ್ಕೊಂಡು ಹೋಗು. ಸಾರು ಆರೋಗ್ತದೆ."

"ಬಂದೆ, ಇದೊಂದು ಪಟ್ಟಿ ಮುಗಿಸ್ಬಿಟ್ಟು" ಎಂದು ಅವನು ಹಿತ್ತಾಳೆಯ ತಗಡನ್ನು ಮುಂದಕ್ಕೆ ತಳ್ಳಿದ. ಸಾರು ಆರಿಹೋಯಿತು. ಹಂಸ ಎರಡು ಸಲ ಬಿಸಿ ಮಾಡಿದಳು, ಬೈಯಲಿಲ್ಲ.